ಅಮ್ಮನ ಪಾಲಿನ ಕಂತು

ಆಗ ರಾಜಾಜಿನಗರ ಇನ್ನೂ ಪೂರ್ತಿ ಊರಾಗಿರಲಿಲ್ಲ. ಎಲ್ಲಿ ನೋಡಿದರೂ ಅರ್ಧ ಎದ್ದ ಗೋಡೆ, ಜಲ್ಲಿ, ಮರಳು. ಆ ಧೂಳಿಗೆ ಅಮ್ಮನ ಉಬ್ಬಸ ಜಾಸ್ತಿಯಾಗಿತ್ತು. ನಾನು ನಗರಸಭೆಯ ಶಾಲೆಯಲ್ಲಿ ಟೀಚರು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ.

ನಮ್ಮ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಆರೋಗ್ಯ ವಿಮೆಗೆ ಹಿಡಿಯುತ್ತಿದ್ದರು. ಅದು ನೌಕರರಿಗೆ ಮಾತ್ರ. ಒಂದು ವರ್ಷ ಕಂತು ಏರಿಸಿ, ಇನ್ನು ಮೇಲೆ ಮನೆಯವರಿಗೂ ಔಷಧಿ, ಆಸ್ಪತ್ರೆ ಸಿಗುತ್ತದೆ ಎಂದರು. ಶಾಲೆಯ ಮೇಷ್ಟರುಗಳೆಲ್ಲ ಸಂಬಳ ಸೊರಗಿತು ಎಂದು ವಾರಗಟ್ಟಲೆ ಗೊಣಗಿದರು. ಕಂತು ಏರಿತು ಎಂದು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಕಚೇರಿಯ ಗುಮಾಸ್ತರು ಆ ಖುಷಿಗೆ ತಣ್ಣೀರೆರಚಿದರು. "ನಿಮ್ಮ ತಾಯಿ ನಿಮ್ಮಣ್ಣನ ಕುಟುಂಬಕ್ಕೆ ಸೇರ್ತಾರಮ್ಮ. ಗಂಡು ಮಗ ಇದಾನಲ್ಲ."

"ಅವರಿರೋದು ನನ್ ಜೊತೆ ಸಾರ್. ಹೆಚ್ಚಿನ ಕಂತು ನಾನೇ ಕೊಡ್ತೀನಿ ಅಂತಿದೀನಲ್ಲ."

"ಹಾಗಾದ್ರೆ ನಿಮ್ಮಣ್ಣನೇ ಬಂದು, ತಾಯಿ ನನ್ನ ಆಶ್ರಯದಲ್ಲಿಲ್ಲ ಅಂತ ಸಹಿ ಹಾಕ್ಲಿ."

ಮೈ ಉರಿದುಹೋಯಿತು. ಅಣ್ಣ ಇದ್ದದ್ದು ತುಮಕೂರಿನಲ್ಲಿ. ಅಮ್ಮನಿಗೆ ಹುಷಾರಿಲ್ಲ ಎಂದು ಎಷ್ಟು ಸಲ ಬರೆದಿದ್ದರೂ ಆಸಾಮಿ ಈ ಕಡೆ ತಲೆ ಹಾಕಿರಲಿಲ್ಲ. ಈ ಸಲ ಸಹಿಯ ವಿಷಯ ಬರೆದೆ. ಮುಂದಿನ ಶನಿವಾರವೇ ಬಂದಿಳಿದ.

ಅವನು ಬಂದ ಕಾರಣ ಅಮ್ಮನಿಗೆ ನಾನು ಹೇಳಿರಲಿಲ್ಲ. ಏದುಸಿರು ಬಿಡುತ್ತಲೇ ಅವನಿಗಿಷ್ಟವಾದ ಬಸ್ಸಾರು ಮಾಡಿ, ಪಕ್ಕದಲ್ಲೇ ಕೂತು ಬಡಿಸಿದಳು. ಅವನು ಹೊಟ್ಟೆ ತುಂಬ ಉಂಡ. ಆಮೇಲೆ ನನ್ನ ಜೊತೆ ಕಚೇರಿಗೆ ಬಂದು, "ಹೌದು ಸಾರ್, ಅಮ್ಮನ ಜವಾಬ್ದಾರಿ ನಂದಲ್ಲ" ಎಂದು ಹೇಳಿ ಸಹಿ ಹಾಕಿದ. ಬಸ್ಸಿಗೆ ಹೊತ್ತಾಯ್ತು ಎಂದು ಅಲ್ಲಿಂದಲೇ ಹೊರಟುಬಿಟ್ಟ. ನನ್ನ ಕೆಲಸ ಆಗಿತ್ತು, ಆದರೂ ಬಸ್ಸಿನಲ್ಲಿ ಮನೆಯವರೆಗೂ ಅತ್ತೆ.

ಅಮ್ಮ ಬಾಗಿಲಲ್ಲೇ ಕೂತಿದ್ದಳು. "ನೋಡಿದ್ಯೇನೇ? ನಂಗೆ ಹುಷಾರಿಲ್ಲ ಅಂತ ಗೊತ್ತಾಗಿದ್ದೇ ತಡ, ಓಡಿ ಬಂದ. ಇನ್ನು ನನ್ ಔಷಧಿ ಚಿಂತೆ ನಿಂಗೆ ಬೇಡ ಕಣೇ, ಅವನೇ ನೋಡ್ಕೋತಾನೆ."

ಹೇಳಿಬಿಡೋಣ ಅನ್ನಿಸಿತು, ನಾಲಿಗೆ ತುದಿಗೂ ಬಂತು. ಆದರೆ ಅಮ್ಮನ ಮುಖದಲ್ಲಿ ಅಷ್ಟು ಕಳೆ ನೋಡಿ ಬಹಳ ಕಾಲವಾಗಿತ್ತು. ನಾನು ದಿನವೂ ಕಣ್ಣೆದುರಿಗೇ ಇದ್ದೆ, ನನ್ನಿಂದ ಆ ಕಳೆ ಬಂದಿರಲಿಲ್ಲ. ಅವಳ ಪಕ್ಕದಲ್ಲೇ ಊಟಕ್ಕೆ ಕೂತೆ. ಅಷ್ಟು ಒಂಟಿ ಎಂದು ನನಗೆ ಅದಕ್ಕೆ ಮುಂಚೆ ಎಂದೂ ಅನ್ನಿಸಿರಲಿಲ್ಲ.

ಮುಂದಿನ ತಿಂಗಳು ನನ್ನ ಸಂಬಳದಲ್ಲಿ ಹೆಚ್ಚಿನ ಕಂತು ಹಿಡಿದರು. ಅಮ್ಮನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ ಪರೀಕ್ಷಿಸಿ, ಔಷಧಿ ಬರೆಯುತ್ತಾ, "ನಿಮ್ಮನ್ನ ಯಾರು ನೋಡ್ಕೋತಾರೆ ತಾಯಿ?" ಎಂದು ಕೇಳಿದರು.

"ನನ್ನ ಮಗ" ಎಂದಳು ಅಮ್ಮ.

ಡಾಕ್ಟರು ನನ್ನ ಕಡೆ ತಿರುಗಿದರು. ಹೌದು ಎಂದೆ.