ಟ್ಯಾಂಕಿನ ಮುಚ್ಚಳ

ಸಾಗರದಲ್ಲಿ ನಮ್ಮದು ಮರ ಕೆತ್ತುವವರ ಕೇರಿ. ಬೆಳಗಾದರೆ ಮನೆಮನೆಯಿಂದಲೂ ಉಳಿಯ ಸದ್ದು. ನಮ್ಮ ಅಪ್ಪ ಕೆತ್ತುತ್ತಿದ್ದದ್ದು ಕೃಷ್ಣ, ಸರಸ್ವತಿ, ಲಕ್ಷ್ಮಿ. ಗಣಪತಿ ಹಬ್ಬ ಹತ್ತಿರ ಬಂತೆಂದರೆ ಮನೆಮಂದಿಯೆಲ್ಲ ಜೇಡಿಮಣ್ಣಿಗೆ ಕೈ ಹಾಕುತ್ತಿದ್ದೆವು. ಮದುವೆಯ ಕಾಲದಲ್ಲಿ ಅಮ್ಮ, ನಾನು ಬೆಂಡಿನ ಬಾಸಿಂಗ ಕಟ್ಟುತ್ತಿದ್ದೆವು. ಹೆಣ್ಣುಮಕ್ಕಳಿಗೆ ಬೆಂಡು, ಗಂಡುಮಕ್ಕಳಿಗೆ ಮರ ಎಂಬುದು ಕೇರಿಯ ರೂಢಿ. ಆದರೆ ನಮ್ಮ ಮನೆಯ ಒಬ್ಬನೇ ಗಂಡುಮಗ ಉಳಿ ಬಿಸಾಕಿ ಮಿಲಿಟರಿಗೆ ಸೇರಿಬಿಟ್ಟ. ಅವನ ಉಳಿಗೆ ತುಕ್ಕು ಹಿಡಿಯಬಾರದಲ್ಲ, ನಾನು ಎತ್ತಿಕೊಂಡೆ. ಕೇರಿಯವರು ಮೂಗು ಮುರಿದರು. ಮುರಿಯಲಿ, ಅವರ ಮೂಗು ತಾನೆ.

ಅರವತ್ತೈದರ ಬೇಸಿಗೆಯಲ್ಲಿ ಅಣ್ಣ ರಜೆಯ ಮೇಲೆ ಬಂದ. ಅವನನ್ನು ಟ್ಯಾಂಕಿನ ಪಡೆಗೆ ಹಾಕಿದ್ದರು. ಟ್ಯಾಂಕಿನೊಳಗೆ ನಾಲ್ಕು ಜನವಂತೆ. ಒಬ್ಬ ಮುಂದೆ ತಗ್ಗಿನಲ್ಲಿ ಕೂತು ಓಡಿಸುತ್ತಾನೆ. ಉಳಿದ ಮೂವರು ಮೇಲೆ ತಿರುಗುವ ಗೋಪುರದಲ್ಲಿ. ಅವರಲ್ಲಿ ಒಬ್ಬ ಗುರಿ ಹಿಡಿಯುವವನು, ಒಬ್ಬ ಹುಕುಂ ಕೊಡುವವನು, ಒಬ್ಬ ಫಿರಂಗಿಗೆ ಗುಂಡು ತುಂಬುವವನು. ನಮ್ಮ ಅಣ್ಣ ಗುಂಡು ತುಂಬುವವನು. ಅಮ್ಮ ಇಷ್ಟಕ್ಕೆ ಬಿಡುವವಳಲ್ಲ. ಎಷ್ಟು ಜಾಗ ಇದೆ, ಕಾಲು ಎಲ್ಲಿ ಚಾಚುತ್ತೀಯ, ಕಿಟಕಿ ಇದೆಯಾ ಎಂದು ಅವನ ತಲೆ ತಿಂದಳು. ಕೊನೆಗೆ ಅವನು ಅವಳನ್ನು ಅಕ್ಕಿ ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂರಿಸಿ, ‘ಇಷ್ಟೇ ಜಾಗ’ ಎಂದ.

‘ಅಯ್ಯೋ ದೇವ್ರೇ, ಇದ್ರಾಗೆ ಹೆಂಗೋ ಇರ್ತೀಯ? ಗುಂಡು ಬಂದ್ರೆ ಎಂತ ಮಾಡ್ತೀಯ?’

ಅಣ್ಣ ಗೋಡೆಗೆ ಒರಗಿಸಿದ್ದ ಮೊರ ತೆಗೆದು ಅವಳ ತಲೆಯ ಮೇಲೆ ಕವುಚಿದ. ‘ಹಿಂಗೆ ಮುಚ್ಚಳ ಹಾಕ್ಕೊಳ್ತೀವಿ. ಒಳಗೆ ಒಂದು ಇರುವೆನೂ ಬರೋಕಾಗಲ್ಲ.’

ಮೊರದ ಕೆಳಗಿಂದ ಅಮ್ಮ ನಕ್ಕದ್ದು ನನಗೆ ಇನ್ನೂ ಕೇಳಿಸುತ್ತದೆ. ಆಮೇಲೆ ಅಣ್ಣ ನನಗಾಗಿ ನಮ್ಮ ಕೆಲಸದ ಕೋಣೆಯ ಗೋಡೆಯ ಮೇಲೆ ಇದ್ದಲಿನಿಂದ ಟ್ಯಾಂಕಿನ ಒಳಗೆಲ್ಲ ಬರೆದು ತೋರಿಸಿದ. ಎಷ್ಟಾದರೂ ಕೆತ್ತುವವರ ಮನೆಯ ಹುಡುಗ, ಗೇಣಿನ ಲೆಕ್ಕದಲ್ಲಿ ಒಂದೊಂದರ ಅಳತೆಯನ್ನೂ ಪಕ್ಕದಲ್ಲಿ ಗುರುತು ಹಾಕಿದ. ಒಳಗೆಲ್ಲ ಬಿಳಿ ಬಣ್ಣವಂತೆ. ನೀರು ಕಾಯಿಸುವ ಒಂದು ಪೆಟ್ಟಿಗೆಯೂ ಇದೆಯಂತೆ, ಅದರಲ್ಲೇ ಚಾ ಮಾಡುತ್ತಾರಂತೆ. ‘ಸುಣ್ಣ ಬಳ್ದಿದಾರೆ, ಒಲೆನೂ ಇದೆ, ಹಂಗಾರೆ ಅದು ಮನೆನೇ ಅಲ್ವಾ’ ಎಂದು ಅಮ್ಮ ಅಂದಿಗೆ ಸಮಾಧಾನ ಮಾಡಿಕೊಂಡಳು.

ಆ ಸಲ ಗಣಪತಿ ಹಬ್ಬ ಮುಗಿಯುವುದಕ್ಕೂ ಯುದ್ಧ ಜೋರಾಗುವುದಕ್ಕೂ ಸರಿಹೋಯಿತು. ನಮ್ಮ ಕೇರಿಯ ತುದಿಯ ಹೋಟೆಲಿನಲ್ಲಿ ರೇಡಿಯೋ ಇತ್ತು. ವಾರ್ತೆಯಲ್ಲಿ ಟ್ಯಾಂಕು ಎಂಬ ಮಾತು ಬಂದರೆ ಸಾಕು, ಯಾರಾದರೂ ಓಡಿ ಬಂದು ನಮ್ಮ ಮನೆ ಜಗುಲಿಯಲ್ಲಿ ಹೇಳಿ ಹೋಗುತ್ತಿದ್ದರು. ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡಿದ್ದರು, ಪುಣ್ಯಾತ್ಮರು! ಅಮ್ಮ ಅನ್ನ ಬಿಟ್ಟಳು. ಒಂದು ಲೋಟ ಗಂಜಿ ಕುಡಿದರೆ ಹೆಚ್ಚು. ಮಲಗುವುದನ್ನೂ ಬಿಟ್ಟಳು. ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚುವುದು, ಬೆಚ್ಚಿ ತೆರೆಯುವುದು. ಯಾವಾಗ ಕಣ್ಣು ತೆರೆದರೂ ಒಂದೇ ಪ್ರಶ್ನೆ.

‘ಅದು ಸರಿಯಾಗಿ ಮುಚ್ಚತ್ತೇನೇ?’

‘ಯಾವ್ದಮ್ಮ?’

‘ಆ ಮುಚ್ಚಳ.’

ಅಪ್ಪ ಆಗ ತೀರ್ಥಹಳ್ಳಿಯಲ್ಲಿದ್ದ. ಅಲ್ಲಿಯ ದೇವಸ್ಥಾನವೊಂದರ ಪಲ್ಲಕ್ಕಿ ರಿಪೇರಿ ಒಪ್ಪಿಕೊಂಡಿದ್ದ, ಬಿಟ್ಟು ಬರುವ ಹಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅಮ್ಮನ ಕಣ್ಣು ಗುಳಿ ಬೀಳುತ್ತಿತ್ತು. ಹೀಗೇ ಬಿಟ್ಟರೆ ಯುದ್ಧಕ್ಕೆ ಹೋದ ಅಣ್ಣ ಉಳಿದು ಮನೆಯಲ್ಲಿರುವ ಅಮ್ಮ ಹೋಗುತ್ತಾಳೆ ಎಂದು ನನಗೆ ಅನ್ನಿಸಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಬೆಳಿಗ್ಗೆ ಅವಳು ಅದೇ ಪ್ರಶ್ನೆ ಕೇಳಿದಾಗ, ‘ತಡಿ, ಆ ಟ್ಯಾಂಕನ್ನೇ ಮಾಡಿ ನಿನ್ನ ಮಡಿಲಿಗೆ ಹಾಕ್ತೀನಿ, ಮುಚ್ಚತ್ತೋ ಇಲ್ವೋ ನೀನೇ ಮುಚ್ಚಿ ನೋಡ್ಕೊ’ ಎಂದು ಕೂಗಿದೆ. ಕೂಗಿದ ಮೇಲೆ ಮಾಡದೆ ಬಿಡುವುದಕ್ಕಾಗುತ್ತದೆಯೇ?

ಗೋಡೆಯ ಮೇಲೆ ಅಣ್ಣನ ಇದ್ದಲಿನ ಚಿತ್ರ ಹಾಗೇ ಇತ್ತು. ಅವನ ಒಂದು ಗೇಣು ನನಗೆ ಒಂದು ಬೆರಳು ಎಂದು ಲೆಕ್ಕ ಹಿಡಿದೆ. ಒಂದು ಗೇಣಿಗೆ ಹನ್ನೆರಡು ಬೆರಳು, ನಮ್ಮ ಕೆಲಸದವರಿಗೆ ಇದು ಬಾಯಿಪಾಠ. ಶಿವನೆ ಮರದಲ್ಲಿ ಒಡಲು ತೋಡಿದೆ. ಒಂದು ಪಕ್ಕದ ಗೋಡೆಯನ್ನು ಬೇರೆಯಾಗಿ ಮಾಡಿ ತಿರುಗುಣಿ ಕೂರಿಸಿದೆ, ಬಾಗಿಲು ತೆಗೆದ ಹಾಗೆ ತೆಗೆದರೆ ಒಳಗೆಲ್ಲ ಕಾಣಬೇಕು. ಗೋಪುರ ತಿರುಗಬೇಕಿತ್ತು, ಅದಕ್ಕೆ ಬೀಸುವ ಕಲ್ಲಿನ ಗೂಟದ ಉಪಾಯ ಮಾಡಿದೆ. ಫಿರಂಗಿಯ ನಳಿಗೆಗೆ ಓಟೆಬಿದಿರು. ಚಕ್ರಗಳ ಮೇಲೆ ಸುತ್ತಿಕೊಳ್ಳುವ ಕಬ್ಬಿಣದ ಪಟ್ಟಿಗೆ ಅಡಿಕೆ ಚೂರಿನಷ್ಟು ಸಣ್ಣ ಮರದ ಬಿಲ್ಲೆಗಳನ್ನು ಸೀಳಿ, ಬಾಸಿಂಗದ ಮಣಿ ಪೋಣಿಸಿದಂತೆ ದಾರದಲ್ಲಿ ಪೋಣಿಸಿದೆ. ಆ ಬಿಲ್ಲೆ ಸೀಳುವಾಗ ನಾನು ಅಣ್ಣನಿಗೆ ಬೈದ ಬೈಗುಳ ಶತ್ರುಗಳಿಗೂ ಯಾರೂ ಬೈದಿರಲಿಕ್ಕಿಲ್ಲ. ಕುದುರೆ ಪಡೆಗೆ ಸೇರಿದ್ದರೆ ಆಗುತ್ತಿರಲಿಲ್ಲವೇ ಇವನಿಗೆ!

ಒಳಗಿನ ಕೆಲಸ ಬೆಂಡಿನದು. ನಾಲ್ಕು ಆಸನ, ಓಡಿಸುವವನ ಕಾಲಿನ ಬಳಿ ತುಳಿಯುವ ಹಲಗೆಗಳು, ಗುರಿ ಹಿಡಿಯುವವನ ದುರ್ಬೀನು, ಹಿಂದೆ ಎಂಜಿನ್ನು, ಚಾ ಕಾಯಿಸುವ ಪೆಟ್ಟಿಗೆ. ಗುಂಡುಗಳನ್ನು ಮಾತ್ರ ಅಪ್ಪನ ಡಬ್ಬಿಯಲ್ಲಿದ್ದ ಗಂಧದ ಚೂರುಗಳಲ್ಲಿ ಕಡೆದೆ. ಸರೇಸು ಕಾಯಿಸುವುದು, ಅಂಟಿಸುವುದು, ಒಣಗುವ ತನಕ ಉಸಿರು ಬಿಗಿಹಿಡಿದು ಕೂರುವುದು. ಮೊದಮೊದಲು ಅಮ್ಮ ದೂರದಿಂದ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು ಕೂತಳು. ಆಮೇಲೆ ತಾನೇ ಬೆಂಡಿನ ಚೂರಿ ತೆಗೆದುಕೊಂಡು ಚಾ ಪೆಟ್ಟಿಗೆಗೆ ಒಂದು ಪುಟಾಣಿ ಲೋಟ ಕೊರೆದಳು. ಒಳಗೆ ಸುಣ್ಣ ಬಳಿದವಳೂ ಅವಳೇ. ಹೊರಗೆ ಬಳಿಯಲು ಗಣಪತಿಗೆ ತಂದು ಉಳಿದ ಬಣ್ಣವಿತ್ತು, ಹಾಗಾಗಿ ನಮ್ಮ ಟ್ಯಾಂಕು ಗಿಳಿಹಸಿರಾಯಿತು. ಮುಚ್ಚಳ ಕಡೆದು ಕೂರಿಸಿದಾಗ ಟಕ್ ಎಂದು ಕೂತಿತು. ಅಮ್ಮ ಅದನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದಳು.

‘ಅವನನ್ನ ಒಳಗೆ ಕೂರ್ಸು. ಆಮೇಲೆ ಮುಚ್ಚಿ ನೋಡಣ’ ಎಂದಳು.

ಸರಿ, ಅಣ್ಣನನ್ನೂ ಕೆತ್ತಿದೆ. ಕೂತ ಭಂಗಿ, ತಲೆಗೆ ಟೋಪಿ, ಅವನದೇ ಗಿಣಿಮೂಗು. ಚೆನ್ನಾಗಿ ಬಂತೆಂದು ನನಗೇ ಹೆಮ್ಮೆ. ಅಮ್ಮ ಅವನನ್ನು ಕೈಯಲ್ಲಿ ಹಿಡಿದು, ಕೆನ್ನೆ ಸವರಿ, ಮೆಲ್ಲಗೆ ಅವನ ಜಾಗದಲ್ಲಿ ಕೂರಿಸಿದಳು. ಮುಚ್ಚಳ ಎಳೆದಳು. ಮುಚ್ಚಲಿಲ್ಲ. ಟೋಪಿ ತೆಗೆದುಹಾಕಿದೆ. ಆಗಲೂ ಮುಚ್ಚಲಿಲ್ಲ. ಅವನ ಹಣೆಯ ಅರ್ಧ ಭಾಗ ಹೊರಗೇ ಇತ್ತು.

ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ‘ಸುಳ್ಳು ಹೇಳ್ದ ಅವನು. ನನ್ನ ಸಮಾಧಾನಕ್ಕೆ ಹೇಳ್ದ. ಅದು ಮುಚ್ಚಲ್ಲ ಕಣೇ’ ಎಂದವಳು ಮತ್ತೆ ಹೋಗಿ ಗೋಡೆಗೆ ಒರಗಿದಳು. ಆ ದಿನ ಗಂಜಿಯನ್ನೂ ಮುಟ್ಟಲಿಲ್ಲ.

ಅವಳ ಜೀವ ಉಳಿಸಲು ಮಾಡಿದ್ದು ಅವಳಿಗೇ ಉರುಳಾಯಿತಲ್ಲ! ಗೋಡೆಯ ಚಿತ್ರವನ್ನು ಮತ್ತೆ ಅಳೆದೆ. ಆಸನ ಸರಿ ಇತ್ತು. ಗೋಪುರದ ಎತ್ತರ ಸರಿ ಇತ್ತು. ನೆಲ ಸರಿ, ಚಾವಣಿ ಸರಿ. ಎಲ್ಲವೂ ಸರಿಯಿದ್ದರೆ ಅಣ್ಣ ಯಾಕೆ ಹಿಡಿಸುತ್ತಿಲ್ಲ? ಹಾಗಾದರೆ ಅವನು ಹೇಳಿದ್ದು ನಿಜಕ್ಕೂ ಸುಳ್ಳೇ? ನನಗೂ ಹೆದರಿಕೆ ಹೊಕ್ಕಿತು. ಆಸನವನ್ನು ಕೆತ್ತಿ ತಗ್ಗಿಸಿಬಿಡೋಣ ಎಂದು ಉಳಿ ಎತ್ತಿದರೆ ಅಮ್ಮ ಅಲ್ಲಿಂದಲೇ, ‘ಮೋಸ ಮಾಡ್ಬೇಡ’ ಎಂದಳು.

ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ಅಪ್ಪ ಪಲ್ಲಕ್ಕಿ ಕೆಲಸ ಮುಗಿಸಿ ಬಂದ. ಹೆಗಲ ಚೀಲ ಇಳಿಸುವ ಮೊದಲೇ ನಾನು ಎಲ್ಲ ಒದರಿದೆ, ಅತ್ತೂ ಬಿಟ್ಟೆ. ಅಪ್ಪ ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಪಕ್ಕದ ಗೋಡೆ ತೆಗೆದು ಒಳಗೆಲ್ಲ ನೋಡಿದ. ‘ಭಲೇ’ ಎಂದ. ಆಮೇಲೆ ಅಣ್ಣನನ್ನು ಎತ್ತಿಕೊಂಡು, ಮುಖದ ಉದ್ದಕ್ಕೆ ಒಂದು ಕಡ್ಡಿ ಮುರಿದು, ಅದೇ ಕಡ್ಡಿಯಲ್ಲಿ ಗಲ್ಲದಿಂದ ಎದೆಗೆ, ಎದೆಯಿಂದ ಹೊಕ್ಕುಳಿಗೆ, ತೊಡೆಗೆ, ಮೊಣಕಾಲಿಗೆ, ಪಾದಕ್ಕೆ ಅಳೆಯುತ್ತಾ ಹೋದ. ಅಳೆದು ಮುಗಿಸಿದವನೇ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

‘ಒಂಬತ್ತು! ಏ ಮಾರಾಯ್ತಿ, ಇದು ನಿನ್ನ ಅಣ್ಣ ಅಲ್ವೇ, ಇದು ಕೃಷ್ಣ!’

ಗೊಂಬೆ ಕೆತ್ತುವಾಗ ನಾವು ಮೊದಲು ಮುಖ ಗೊತ್ತುಮಾಡಿಕೊಂಡು, ಮೈಯನ್ನು ಅದರ ಲೆಕ್ಕದಲ್ಲಿ ಎಳೆಯುತ್ತೇವೆ. ದೇವರಿಗೆ ಒಂಬತ್ತು ಮುಖದಷ್ಟು ಎತ್ತರ, ಮನುಷ್ಯರಿಗೆ ಎಂಟು. ಆದರೆ ಮನುಷ್ಯರನ್ನು ಕೆತ್ತಿಸಿಕೊಳ್ಳಲು ನಮ್ಮ ಮನೆಗೆ ಯಾರು ಬರುತ್ತಾರೆ? ನನ್ನ ಕೈಗೆ ಗೊತ್ತಿದ್ದದ್ದು ದೇವರ ಅಳತೆಯೊಂದೇ. ಟ್ಯಾಂಕಿನ ಒಂದೊಂದು ಮೊಳೆಯನ್ನೂ ಗೋಡೆ ನೋಡಿ ಮಾಡಿದವಳು ಅಣ್ಣನನ್ನು ಮಾತ್ರ ಕೈಯ ರೂಢಿಗೆ ಬಿಟ್ಟಿದ್ದೆ.

ಅಮ್ಮ ಗೋಡೆ ಬಿಟ್ಟು ಎದ್ದು ಬಂದಳು. ಅವಳೂ ಈ ಕೇರಿಯಲ್ಲೇ ಹುಟ್ಟಿದವಳು, ವಿವರಿಸಿ ಹೇಳಬೇಕಾಗಿರಲಿಲ್ಲ. ಅಪ್ಪನ ಕೈಯಿಂದ ಗೊಂಬೆ ಕಿತ್ತುಕೊಂಡು ನನ್ನ ಮುಂದೆ ಇಟ್ಟಳು.

‘ನಂಗೆ ಇವನು ದೇವ್ರಾಗೋದು ಬ್ಯಾಡ. ಮನುಷ್ಯನ ಅಳತೆಲಿ ಮಾಡು’ ಎಂದಳು.

‘ನನ್ನ ಅಳತೆನೇ ತಗೋ, ನನ್ನ ಮಗ ತಾನೆ’ ಎಂದು ಅಪ್ಪ ಪ್ರಯಾಣದ ಅಂಗಿಯಲ್ಲೇ ನನ್ನೆದುರು ಕೂತ. ನಾನು ಅವನ ಮುಖಕ್ಕೆ ಗೇಣು ಹಿಡಿದೆ. ಕುತ್ತಿಗೆ, ಎದೆ, ಬೆನ್ನು, ಕಾಲು ಅಳೆದೆ. ಹುಟ್ಟಿದಾಗಿನಿಂದ ನೋಡಿದ ಅಪ್ಪನನ್ನು ಅಳೆದದ್ದು ಅದೇ ಮೊದಲು. ಎಂಟೇ ಮುಖ ಬಂತು, ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ.

ಮಾರನೇ ದಿನ ಆ ಅಳತೆಯಲ್ಲಿ ಕೆತ್ತಿದ ಎರಡನೇ ಅಣ್ಣ ಒಳಗೆ ಕೂತ. ಅಮ್ಮ ಮುಚ್ಚಳ ಎಳೆದಳು. ಟಕ್. ಅವಳು ಮತ್ತೆ ತೆಗೆದು ಬಗ್ಗಿ ನೋಡಿದಳು, ಅವನ ಟೋಪಿಗೂ ಮುಚ್ಚಳಕ್ಕೂ ನಡುವೆ ಬೆಳಕು ಕಾಣುವಷ್ಟು ಜಾಗವಿತ್ತು. ಮತ್ತೆ ಮುಚ್ಚಿದಳು. ‘ಮುಚ್ಚತ್ತೆ’ ಎಂದಳು. ಒಳಗೆ ಹೋಗಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ನಿಂತೇ ಉಂಡಳು. ಆಮೇಲೆ ಕೆಲಸದ ಕೋಣೆಯಲ್ಲೇ, ಮರದ ಪುಡಿಯ ನೆಲದಲ್ಲೇ ಸೆರಗು ಹಾಸಿಕೊಂಡು, ಹಾಡುಹಗಲಲ್ಲಿ ಗೊರಕೆ ಹೊಡೆಯುತ್ತಾ ಮಲಗಿದಳು. ಅಪ್ಪ, ನಾನು ಉಳಿ ಮುಟ್ಟದೆ ಅವಳನ್ನೇ ನೋಡುತ್ತಾ ಕೂತೆವು.

ಕೆಲವು ದಿನಗಳಲ್ಲಿ ಯುದ್ಧ ನಿಂತಿತೆಂದು ಹೋಟೆಲಿನವರೇ ಕೂಗಿ ಹೇಳಿದರು. ಚೆನ್ನಾಗಿದ್ದೇನೆ ಎಂದು ಅಣ್ಣನ ಕಾರ್ಡೂ ಬಂತು. ‘ಕಾರ್ಡು ಯಾರ್ ಬೇಕಾರೂ ಬರೀಬೋದು’ ಎಂದು ಅಮ್ಮ ಅದನ್ನು ಮಾಡಿನ ಹೆಂಚಿನ ಸಂದಿಗೆ ಸಿಕ್ಕಿಸಿದಳು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಒಂದು ಬೆಳಿಗ್ಗೆ ರೈಲಿಳಿದು ಅವನೇ ಬಂದ. ಕಪ್ಪಾಗಿದ್ದ, ಸೊರಗಿದ್ದ, ಒಂದು ಹುಬ್ಬು ಅರ್ಧ ಸುಟ್ಟಿತ್ತು. ಅಮ್ಮ ಅಳಲಿಲ್ಲ. ಅವನ ಎರಡೂ ಕೈ, ಬೆರಳು, ಕಿವಿ ಎಲ್ಲ ಮುಟ್ಟಿ ನೋಡಿ, ‘ಮೊದ್ಲು ಮೀಯಕ್ಕೆ ಹೋಗು, ನೀರು ಕಾದಿದೆ’ ಎಂದಳು.

ಉಂಡ ಮೇಲೆ ಅವನು ಟ್ಯಾಂಕು ನೋಡಿದ. ಪಕ್ಕದ ಬಾಗಿಲು ತೆಗೆದು ಒಳಗೆ ಇಣುಕಿದ. ಗುಂಡುಗಳನ್ನು ಮೂಸಿ, ‘ಶ್ರೀಗಂಧ! ನಮ್ದ್ರಾಗೆ ಎಣ್ಣೆ ನಾತಕ್ಕೆ ವಾಂತಿ ಬರ್ತದೆ’ ಎಂದು ನಕ್ಕ. ಗಿಳಿಹಸಿರಿಗೂ ನಕ್ಕ. ದೇವರ ಗೂಡಿನ ಕಡೆ ತಿರುಗಿ, ‘ಆ ಕೃಷ್ಣನ ಮೂಗು ನನ್ನ ಹಂಗೇ ಐತಲ್ಲ?’ ಎಂದ. ಮೊದಲನೇ ಗೊಂಬೆಯ ಕೈಗೆ ಅಪ್ಪ ಕೊಳಲು ಕೊಟ್ಟು, ತಲೆಗೆ ನವಿಲುಗರಿ ಸಿಕ್ಕಿಸಿ ಅಲ್ಲಿ ಕೂರಿಸಿದ್ದ. ಕೆತ್ತಿದ್ದನ್ನು ಬಿಸಾಕುವ ಮನೆಯಲ್ಲ ನಮ್ಮದು.

ಆಮೇಲೆ ಅವನ ಬೆರಳು ಮುಚ್ಚಳದ ಮೇಲೆ ನಿಂತಿತು. ಅಮ್ಮ ಅಡುಗೆಮನೆಯಲ್ಲಿದ್ದಾಳೆ ಎಂದುಕೊಂಡು ಮೆಲ್ಲಗೆ ಹೇಳಿದ. ‘ಇದನ್ನ ಮಾತ್ರ ತಪ್ಪು ಮಾಡಿದೀಯ ನೋಡು. ಅಲ್ಲಿ ಒಂದಿನಾನೂ ಮುಚ್ಚಿಲ್ಲ ಕಣೇ ನಾವು. ಸೆಕೆ, ಹೊಗೆ, ಉಸಿರು ಕಟ್ಟತ್ತೆ. ತೆಕ್ಕೊಂಡೇ ಇದ್ವಿ.’

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬಂದವಳೇ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ‘ಮುಚ್ಚಳ ಹಾಕ್ಕೊಳ್ತೀನಿ ಅಂದಿದ್ಯಲ್ಲೋ ಮುಂಡೇದೇ!’ ಗುದ್ದಿದ ಕೈಯಲ್ಲೇ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಆಗ ಅತ್ತಳು, ನಾನೂ ಅತ್ತೆ, ಅಪ್ಪ ಮೂಗು ಒರೆಸಿಕೊಳ್ಳುತ್ತಾ ಹಿತ್ತಿಲಿಗೆ ಹೋದ.

ರಜೆ ಮುಗಿಸಿ ಅಣ್ಣ ಹೊರಟ ದಿನ ಅವನನ್ನು ರೈಲು ಹತ್ತಿಸಿ ಬಂದೆವು. ಕೆಲಸದ ಕೋಣೆಯಲ್ಲಿ ಟ್ಯಾಂಕಿನ ಮುಚ್ಚಳ ತೆರೆದಿತ್ತು, ಒಳಗೆ ಅಣ್ಣನ ಟೋಪಿ ಕಾಣುತ್ತಿತ್ತು. ಅಮ್ಮ ನೋಡಿದರೆ ಮತ್ತೆ ಶುರುವಾಗುತ್ತದಲ್ಲ ಎಂದು ಓಡಿ ಹೋಗಿ ಮುಚ್ಚಲು ಕೈ ಹಾಕಿದೆ.

‘ಬಿಡೇ, ನಾನೇ ತೆಗೆದಿಟ್ಟಿದ್ದು’ ಎಂದಳು ಅಮ್ಮ. ‘ಸೆಕೆ ಆಗತ್ತೆ ಅವನಿಗೆ.’