ಯಾರಿಗೆ ಸರಳ ಆ ವಿಮಾನ

“ನಮ್ ವಂಸದಾಗೆ ಇಂಜಿನಿಯರ್ ಆಗೋದು ಈ ಜನ್ಮಕ್ಕಿಲ್ಲ ಬುಡು” ಎಂದು ತೀರ್ಪು ಕೊಟ್ಟವರು ನಮ್ಮ ದೊಡ್ಡಪ್ಪ. ನಾನು ಹತ್ತನೇ ತರಗತಿ ಪಾಸಾದ ದಿನ, ನಮ್ಮನೆ ಸಿಹಿಯನ್ನೇ ಬಾಯಿಗೆ ಹಾಕಿಕೊಂಡು ಆಡಿದ ಮಾತು. ಆದರೆ ಇವತ್ತು ಬೆಳಿಗ್ಗೆ ಹಾಲು ಉಕ್ಕಿ, ಸೀದ ವಾಸನೆ ಮನೆ ತುಂಬಿದಾಗ ನೆನಪಾದದ್ದು ದೊಡ್ಡಪ್ಪನಲ್ಲ, ನಮ್ಮ ಮಹಡಿ ಮನೆಯ ಆಂಟಿ.

ಕಾಡುಗೋಡಿಗೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಮನೆ ಕಟ್ಟಿ, ಮೇಲೆ ಬಾಡಿಗೆಗೆಂದು ಒಂದು ಸಣ್ಣ ಮನೆ ಎಬ್ಬಿಸಿದ್ದರು. ಆಂಟಿ ಅಲ್ಲಿಗೆ ಒಬ್ಬರೇ ಬಂದರು. ಅವರ ಗಂಡ ಯುದ್ಧವಿಮಾನದ ಪೈಲಟ್ ಆಗಿದ್ದವರು. ಉತ್ತರದ ಕಡೆ ಎಲ್ಲೋ ವಿಮಾನ ಬಿದ್ದು ತೀರಿಕೊಂಡಿದ್ದರು. ಆಂಟಿ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ಓದಿದವರೇ ಇಲ್ಲದ ಮನೆಯ ನನಗೆ, ಪಿಯುಸಿಯಿಂದ ಇಂಜಿನಿಯರಿಂಗ್ ಕೊನೆಯ ವರ್ಷದವರೆಗೂ, ಗೊತ್ತಾಗದ್ದನ್ನು ಕೇಳಲು ಇದ್ದದ್ದು ಅದೊಂದೇ ಬಾಗಿಲು. ನಾನು ಮೆಟ್ಟಿಲು ಹತ್ತುವ ಸದ್ದಿಗೇ “ಬಾ ಪುಟ್ಟಾ, ಇವತ್ತು ಯಾವ ಚಾಪ್ಟರ್ ಕಚ್ತು?” ಎನ್ನುತ್ತಿದ್ದರು.

ಆಗಾಗ ನಮ್ಮ ನೆತ್ತಿಯ ಮೇಲೆ ಜೆಟ್ ಹಾದುಹೋಗುತ್ತಿತ್ತು. ಬೀದಿಯ ಮಕ್ಕಳೆಲ್ಲ ತಲೆಯೆತ್ತುತ್ತಿದ್ದರು, ಆಂಟಿ ಎತ್ತುತ್ತಿರಲಿಲ್ಲ. ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಪೂರ್ತಿ ಅಡಗುವ ತನಕ ಗೋಡೆ ನೋಡುತ್ತಾ ಕೂರುತ್ತಿದ್ದರು... ಆಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು.

ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನಾನು ಫೇಲಾಗಿ ಒಂದು ವರ್ಷ ಕಳೆದುಕೊಂಡಿದ್ದೆ. ಈ ಸಲವೂ ಫೇಲಾದರೆ ಓದು ಸಾಕು, ದೊಡ್ಡಪ್ಪ ನೋಡಿಟ್ಟಿರುವ ಗಂಡಿಗೆ ಕೊಟ್ಟುಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ಪ್ರಾಜೆಕ್ಟಿನ ವೈವಾ ಒಂದೇ. ವಿಷಯ, ಯುದ್ಧವಿಮಾನ ಸರಳವಾಗಿರಬೇಕೋ ಸಂಕೀರ್ಣವಾಗಿರಬೇಕೋ ಎಂಬುದು. ನಾನು ಸರಳದ ಪಕ್ಷ. ಒಂದೇ ಇಂಜಿನ್, ಪೈಲಟ್ ಎದುರು ನಾಲ್ಕಾರು ಮೀಟರು, ಕಂಪ್ಯೂಟರಿನ ಕಾಟವಿಲ್ಲ. ಬಿಡಿಭಾಗ ಕಡಿಮೆಯಾದಷ್ಟು ಕೆಡುವುದೂ ಕಡಿಮೆ. ಕೆಟ್ಟರೆ ಮರದ ನೆರಳಲ್ಲೇ ರಿಪೇರಿ ಮಾಡಿ ಮತ್ತೆ ಹಾರಿಸಬಹುದು. ಸಂಕೀರ್ಣ ವಿಮಾನವಾದರೋ ಒಂದು ಬಿಡಿಭಾಗಕ್ಕಾಗಿ ಶೆಡ್ಡಿನಲ್ಲೇ ನಿಂತಿರುತ್ತದೆ. ಠೀವಿಯಿಲ್ಲದೆ ದುಡಿಯುವ ಆ ವಿಮಾನ ನನಗೆ ನಮ್ಮ ಜನರಂತೆಯೇ ಕಂಡಿತ್ತು.

ವೈವಾಕ್ಕೆ ಮುಂಚೆ ಒಂದು ಸಂಜೆ ಆಂಟಿಯ ಅಡುಗೆಮನೆಯಲ್ಲಿ ನಿಂತು ಅದನ್ನೆಲ್ಲ ಒಪ್ಪಿಸಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

“ಸರಳ ಅಂದ್ಯಲ್ಲ, ಯಾರಿಗೆ?”

“ಎಲ್ರಿಗೂ ಆಂಟಿ. ಕಟ್ಟೋರಿಗೆ, ರಿಪೇರಿ ಮಾಡೋರಿಗೆ...”

“ಹಾರಿಸೋರಿಗೆ?”

ಆಂಟಿ ಎದ್ದು ಒಂದು ಒಲೆಯ ಮೇಲೆ ಹಾಲಿಟ್ಟರು, ಇನ್ನೊಂದರ ಮೇಲೆ ಕುಕ್ಕರ್. “ಕುಕ್ಕರ್ ಕೂಗೋದು ಎಣಿಸು. ಹಾಲು ಉಕ್ಕೋ ಮುಂಚೆ ಇಳಿಸು. ನಾನು ಕೇಳೋ ಲೆಕ್ಕಕ್ಕೆ ಕಾಗದ ಇಲ್ದೆ ಉತ್ತರ ಹೇಳು” ಎಂದು ಶುರು ಮಾಡಿದರು. ಇಷ್ಟು ವೇಗದಲ್ಲಿ ಇಷ್ಟು ದೂರ, ಗಾಳಿ ಎದುರಿಗೆ, ಉಳಿದಿರುವ ಇಂಧನ ಎಷ್ಟು ಹೊತ್ತಿಗೆ ಸಾಕು? ನಾನು ಮೊದಮೊದಲು ನಗುತ್ತಾ ಹೇಳಿದೆ. ಆಮೇಲೆ ಬೆವರಿದೆ. ಕುಕ್ಕರ್ ಎಷ್ಟು ಸಲ ಕೂಗಿತೋ ಮರೆತೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

“ನಿಂಗೆ ಹಾಲು ಹೋಯ್ತು, ಅಷ್ಟೇ” ಎಂದರು. ಒಲೆ ಆರಿಸಿ, ನನ್ನ ಮುಖ ನೋಡದೆ ಹೇಳಿದರು: “ನಮ್ಮನೆಯವ್ರು ಓಡಿಸ್ತಿದ್ದಿದ್ದು ನೀನು ಹೊಗಳಿದಂಥ ವಿಮಾನಾನೇ. ಎಚ್ಚರಿಸೋ ಯಂತ್ರ ಇಲ್ಲ, ಲೆಕ್ಕ ಮಾಡೋ ಯಂತ್ರ ಇಲ್ಲ. ಆ ಕೆಲಸ ಎಲ್ಲ ಎಲ್ಲಿಗೆ ಹೋಯ್ತು ಪುಟ್ಟಾ? ಅವರ ತಲೆಗೆ. ಬಿದ್ಮೇಲೆ ವಿಚಾರಣೆ ಆಯ್ತು. ಮೆಷಿನ್ನಲ್ಲಿ ಕೆಡೋಕೆ ಏನೂ ಇರ್ಲಿಲ್ಲ ನೋಡು... ಅದಕ್ಕೇ ತಪ್ಪೆಲ್ಲ ಇವರದೇ ಅಂತ ಬರೆದ್ರು.”

ಮಾರನೇ ದಿನ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಮೇಷ್ಟ್ರ ಹತ್ತಿರ ಹೋಗಿ ನನ್ನ ಅಭಿಪ್ರಾಯ ಬದಲಾಗಿದೆ ಎಂದೆ. “ರಿಪೋರ್ಟ್ ಬೈಂಡ್ ಆಗಿದೆ ತಾಯಿ. ಬರೆದಿರೋದನ್ನೇ ಹೇಳಿ ಪಾಸಾಗು, ಸಾಕು” ಎಂದು ಕೈಮುಗಿದರು. ಅದು ಬುದ್ಧಿಮಾತೇ. ದೊಡ್ಡಪ್ಪನ ಗಂಡು ಕಾಯುತ್ತಿದ್ದ. ಆದರೆ ವೈವಾದಲ್ಲಿ ನಿಂತಾಗ ಬಾಯಿ ಆ ಬುದ್ಧಿಮಾತು ಕೇಳಲಿಲ್ಲ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದಿಟ್ಟರು.

“ಏನಮ್ಮಾ, ಬರೆದಿರೋದೊಂದು, ಹೇಳ್ತಿರೋದೊಂದು. ಹಾಗಾದ್ರೆ ನಿನ್ ರಿಪೋರ್ಟೇ ತಪ್ಪಾ?”

“ಅರ್ಧ ಸರಿ ಸಾರ್. ವಿಮಾನ ಸರಳ ಮಾಡಿದ್ರೆ ಕಷ್ಟ ಕರಗಲ್ಲ, ಪೈಲಟ್ ತಲೆಗೆ ಹೋಗತ್ತೆ. ಸಂಕೀರ್ಣ ಮಾಡಿದ್ರೆ ಮೆಕ್ಯಾನಿಕ್ ತಲೆಗೆ ಹೋಗತ್ತೆ. ಯಾರು ಹೊರಬೇಕು ಅಂತ ಮೊದ್ಲು ಕೇಳ್ಬೇಕಿತ್ತು, ನಾನು ಕೇಳಿಲ್ಲ. ವಿಮಾನ ಬಿದ್ರೆ ತಪ್ಪು ಹಾರಿಸಿದವರೊಬ್ಬರದೇ ಅಲ್ಲ ಸಾರ್, ಆ ಕಷ್ಟಾನ ಅವರ ತಲೆಗೆ ಹೊರಿಸಿದವರದ್ದೂ ಇರತ್ತೆ.”

ಗೈಡ್ ನೆಲ ನೋಡುತ್ತಿದ್ದರು. ಪರೀಕ್ಷಕರು ಪೆನ್ನು ಎತ್ತಿಕೊಂಡರು.

ಆಂಟಿಗೆ ಕ್ಯಾನ್ಸರ್ ಎಂದು ನಮಗೆ ತಿಳಿದದ್ದು ಆ ವಾರವೇ. ಅವರು ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ... ಆಸ್ಪತ್ರೆಗೆ ಹೋಗಿ ವೈವಾದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿದರು.

“ಅವರೊಬ್ಬರದೇ ತಪ್ಪಲ್ಲ ಅಂದ್ಯಾ? ಎಲ್ರ ಮುಂದೆ?”

“ಹೂಂ ಆಂಟಿ. ಹೆಸರು ಹೇಳ್ಲಿಲ್ಲ.”

“ಸಾಕು” ಎಂದರು. ಕಣ್ಣು ತೆರೆದು, “ಫೇಲ್ ಮಾಡಿದ್ರೆ ನನ್ನ ಬೈಕೋಬೇಡ” ಎಂದು ನಕ್ಕರು. ನಾನು ಕೇಳಿದ ಅವರ ಕೊನೆಯ ನಗು ಅದು. ರಿಸಲ್ಟ್ ಬರುವಷ್ಟರಲ್ಲಿ ಅವರಿರಲಿಲ್ಲ.

ನಾನು ಪಾಸಾಗಿದ್ದೆ. ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳಿಕೊಂಡು ತಿರುಗಿದೆ. ನಮ್ಮ ಮನೆಯ ಮೊದಲ ಡಿಗ್ರಿ, ಯಾಕೆ ಹೇಳಿಕೊಳ್ಳಬಾರದು? ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ವಿನ್ಯಾಸ ಮಾಡುತ್ತೇನೆ. ಯಾರಾದರೂ “ಇದನ್ನ ತೆಗೆದು ಸಿಂಪಲ್ ಮಾಡಿದ್ದೀವಿ ಮೇಡಂ” ಎಂದರೆ, ಆ ಕೆಲಸ ಈಗ ಯಾರ ಕೈಗೆ ಹೋಯಿತು ಎಂದು ಕೇಳದೆ ಸಹಿ ಹಾಕುವುದಿಲ್ಲ. ಮಹಡಿ ಮನೆಗೆ ಎಷ್ಟೋ ಜನ ಬಂದು ಹೋದರು. ಒಬ್ಬರ ಹೆಸರೂ ನನಗೆ ನೆನಪಿಲ್ಲ.

ಅಂದು ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ದಿನ ಅದನ್ನು ನೇರ ಅಮ್ಮನಿಗೆ ಕೊಟ್ಟೆ. ಅಮ್ಮನಿಗೆ ಓದು ಬಾರದು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ಏನೋ ಹೇಳಲು ಹೋಗಿ ತಡೆದುಕೊಂಡಳು.

“ಏನಮ್ಮಾ?”

“ಏನಿಲ್ಲ ಕಣಮ್ಮಾ... ‘ಓಗು, ಮೇಲಕ್ಕೋಗಿ ಆಯಮ್ಮಂಗೆ ತೋರ್ಸ್‌ಬುಟ್ ಬಾ’ ಅನ್ನಕ್ಕೋಗಿದ್ದೆ.”