ಎರಡು ಮುಖದ ಪ್ಯಾನಲ್ಲೂ ಅತ್ತೆಯ ಸಂಡಿಗೆಯೂ

ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಹೊಂದಿಕೊಂಡು ನಮ್ಮ ಗಿರಣಿ. ಒಂದು ಮೆಷಿನ್ನು ಹಿಟ್ಟಿಗೆ, ಇನ್ನೊಂದು ಖಾರಕ್ಕೆ. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಹೆಂಗಸು ಗಿರಣಿ ನಡೆಸ್ತಾಳಾ ಅಂದವರೆಲ್ಲ ಈಗ ನನ್ನ ಬಾಗಿಲಿಗೇ ಪಾಳಿ ಹಚ್ಚುತ್ತಾರೆ, ಇರಲಿ. ಬೇಸಿಗೆ ಬಂತೆಂದರೆ ವರ್ಷದ ಖಾರ ಕುಟ್ಟಿಸುವವರ ಸುಗ್ಗಿ. ಕರೆಂಟು ತೆಗೆಯುವವರಿಗೂ ಅದೇ ಸುಗ್ಗಿ. ಬಂಡ್ರಿಯಿಂದ ಬಸ್ಸಿನಲ್ಲಿ ಮೆಣಸಿನಕಾಯಿ ಹೊತ್ತು ತಂದವರು ಮಧ್ಯಾಹ್ನದ ತನಕ ಕೂತು, ನನಗೆ ಬೈದು ವಾಪಸ್ ಹೋಗುವುದನ್ನು ಎಷ್ಟು ವರ್ಷ ಅಂತ ನೋಡಲಿ?

ಅದಕ್ಕೇ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದೆ. ಬ್ಯಾಟರಿ ಸಮೇತ, ಅದೂ ಎರಡು ಮುಖದ್ದು. ಮೇಲಿನ ಮುಖ ಬಿಸಿಲು ತಿನ್ನುತ್ತದೆ, ಕೆಳಗಿನ ಮುಖ ನೆಲಕ್ಕೆ ಬಿದ್ದು ಪುಟಿದ ಬೆಳಕು ತಿನ್ನುತ್ತದೆ. ಸೊಂಟದ ಎತ್ತರದ ಕಂಬಿಗಳ ಮೇಲೆ ಎರಡು ಸಾಲು ಕೂತವು. "ಎರಡೂ ಕಡೆ ದುಡಿತಾವ್ರಿ, ನನ್ನಂಗ" ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಸಿಟ್ಟಾದವರು ಇಬ್ಬರು. ಒಬ್ಬರು ಭಾವ, ಗಂಡನ ಅಣ್ಣ. ಕಟ್ಟಡದಲ್ಲಿ ಅವರದೂ ಪಾಲಿದೆ, ಮಾಳಿಗೆಯನ್ನು ಮೊಬೈಲ್ ಟವರಿಗೆ ಕೊಡಬೇಕೆಂದು ಅವರ ಮನಸ್ಸು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದು ನನಗೆ ಕೇಳುವ ಹಾಗೆ ಗೋಡೆಗೆ ಹೇಳಿದರು. ಆಮೇಲೆ ನೇರವಾಗಿಯೇ, "ನೋಡವ್ವ, ಯುಗಾದಿ ತನಕ ಟೈಮು. ಕರೆಂಟ್ ಹೋದ ದಿನ ಎರಡೂ ಮೆಷಿನ್ ಸಂಜಿ ತನಕ ನಡೆಸಿ ತೋರಿಸು. ಆಗ್ಲಿಲ್ಲಂದ್ರ ಇವನ್ನೆಲ್ಲ ಕಿತ್ತು ಮಾಳಿಗಿ ಟವರಿಗೆ" ಅಂದರು. "ಆಗ್ಲಿ ಬಿಡ್ರಿ" ಅಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ನನಗಿಂತ ಜಲ್ದಿ.

ಇನ್ನೊಬ್ಬರು ಅತ್ತೆ. ಮಾಳಿಗೆ ಎಂದರೆ ಅವರಿಗೆ ಸಂಡಿಗೆ, ಹಪ್ಪಳ, ಶಾವಿಗೆ ಒಣಗಿಸುವ ಜಾಗ. "ನನ್ನ ಬಿಸಲೆಲ್ಲ ನಿನ್ನ ಗಾಜಿಗೆ ಕೊಟ್ಟೀ" ಎಂದು ಮುಖ ತಿರುಗಿಸಿದರು. ಹಾಗಂತ ಜಾಗ ಬಿಟ್ಟರೇ? ಮೊದಲ ಸಾಲಿನ ಹಿಂದೆ ಮಾವನ ಹಳೇ ಬಿಳಿ ಪಂಚೆಗಳನ್ನೆಲ್ಲ ಹಾಸಿ ಸಂಡಿಗೆ ಇಟ್ಟೇ ಇಟ್ಟರು. "ಅತ್ತೀ, ಇದು ಮೆಷಿನ್ ಇರೋ ಜಾಗ, ಅಡಿಗಿ ಮನಿ ಅಲ್ಲ, ತಗೀರಿ" ಎಂದು ನನ್ನದು ದಿನಾ ಜಗಳ. ಅವರು ಪಂಚೆಯ ಚುಂಗು ಕೂಡ ಸರಿಸಲಿಲ್ಲ.

ಕರೆಂಟು ಹೋದ ಮೊದಲ ದಿನವೇ ನನ್ನ ಮರ್ಯಾದೆಯೂ ಹೋಯಿತು. ಊಟದ ಹೊತ್ತು ದಾಟುತ್ತಲೇ ಬ್ಯಾಟರಿ ಬತ್ತಿ, ಖಾರದ ಮೆಷಿನ್ನು ಗೊರ್ ಅಂದು ನಿಂತಿತು. ಮುಂದಿನ ಸಲವೂ ಅಷ್ಟೇ. ಭಾವ ಮೀಸೆಯೊಳಗೇ ನಕ್ಕರು. ಆ ನಗು ನೋಡಿ ಮೈಗೆಲ್ಲ ಖಾರ ಹಚ್ಚಿದ ಹಾಗಾಯಿತು. ಅದಿರಿನ ಲಾರಿಗಳ ಕೆಂಧೂಳು ಕಾರಣ ಇರಬೇಕೆಂದು ದಿನಾ ಬೆಳಗ್ಗೆ ಪ್ಯಾನಲ್ಲು ತೊಳೆದೆ. ಹೇಳಿಕೊಳ್ಳುವಂಥ ಫರಕ್ಕೇನೂ ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಭಾಳ ಹೆದರಿದ್ದೆ. ಮಾಳಿಗೆ ಹೋದರೆ ಸೋಲಾರ್ ಹೋಯಿತು, ಸೋಲಾರ್ ಹೋದರೆ ಗಿರಾಕಿ ಹೋದರು, ಆಮೇಲೆ ಗಿರಣಿ ಎಲ್ಲಿಯದು?

ಪ್ಯಾನಲ್ಲು ಕೂರಿಸಿದವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಎಷ್ಟು ಕರೆಂಟು ಬಂತೆಂದು ತೋರಿಸಲು ಎರಡು ಸಾಲಿಗೆ ಎರಡು ಗೆರೆ. ಒಂದು ಮಧ್ಯಾಹ್ನ ಅದನ್ನೇ ದಿಟ್ಟಿಸಿ ಕೂತಾಗ ಕಂಡಿತು, ಮೊದಲ ಸಾಲಿನ ಗೆರೆ ಯಾವಾಗಲೂ ಮೇಲೆ. ಒಂದೇ ಬಿಸಿಲು, ಒಂದೇ ಮಾಲು, ಇದೆಂಥಾ ಭೇದ? ಸೆರಗು ಸಿಕ್ಕಿಸಿ ಮಾಳಿಗೆ ಹತ್ತಿ, ಬಗ್ಗಿ ಕೆಳಗಿನಿಂದ ನೋಡಿದೆ.

ಎರಡನೇ ಸಾಲಿನ ಅಡಿ ಗವ್ವೆನ್ನುವ ಕತ್ತಲು. ಗಿರಣಿ ಜನಕ್ಕೆ ಒಂದು ಚಟ ಇದೆ, ಖಾಲಿ ಕಂಬಿ ಕಂಡರೆ ಗೋಣಿಚೀಲ ನೇತುಹಾಕುವುದು. ಆಳುಗಳೂ ನಾನೂ ಸೇರಿ, ಕೊಡವಿದ ಚೀಲಗಳನ್ನೆಲ್ಲ ಆ ಕಂಬಿಗಳಿಗೇ ಸಾಲಾಗಿ ತೂಗುಬಿಟ್ಟಿದ್ದೆವು. ಎರಡು ಮುಖ ಎಂದು ಊರಿಗೆಲ್ಲ ಡಂಗುರ ಹೊಡೆದವಳೇ ಒಂದು ಮುಖಕ್ಕೆ ಗೋಣಿ ಮುಸುಕು ಹಾಕಿದ್ದೆ! ಮೊದಲ ಸಾಲಿಗೂ ಹಾಕುತ್ತಿದ್ದೆವು. ಆದರೆ ಸಂಡಿಗೆಗೆ ಖಾರದ ಧೂಳು ಬೀಳುತ್ತದೆಂದು ಅತ್ತೆ ಬೈದು ಓಡಿಸಿದ್ದರು. ಅಲ್ಲಿ ಬಿಳಿ ಪಂಚೆಗಳ ಬೆಳಕು ಪ್ಯಾನಲ್ಲಿನ ಬೆನ್ನಿಗೆ ಬಡಿದು ಫಳಫಳ ಅನ್ನುತ್ತಿತ್ತು. ನಾನು ದಿನಾ ತಗೀರಿ ತಗೀರಿ ಎಂದು ಜಗಳ ಆಡಿದ್ದ ಅವೇ ಪಂಚೆಗಳು. ಅಲ್ಲೇ ಕುಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಚೀಲಗಳನ್ನೆಲ್ಲ ಕಿತ್ತೆಸೆದು, ನೆಲದ ಕೆಂಧೂಳು ತಿಕ್ಕಿ ತೊಳೆದು, ಮಾಳಿಗೆ ತುಂಬ ಸುಣ್ಣ ಬಳಿಸಿದೆ. ಅತ್ತೆ ಮೆಟ್ಟಿಲ ಮೇಲೆ ಕುಂತು, "ಇಲ್ಲೊಂದು ಕೈ, ಅಲ್ಲೊಂದು ಕೈ" ಎಂದು ಹುಕುಂ ಕೊಟ್ಟರು. "ಈಗ ಎಲ್ಲಿ ಬೇಕಾದ್ರೂ ಹಾಸ್ರಿ ಅತ್ತೀ" ಅಂದೆ. "ನೀ ಹೇಳ್ಬೇಕೇನ?" ಅಂದರು.

ಯುಗಾದಿ ಹತ್ತಿರ ಬಂದಿತ್ತು. ಒಂದು ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಬೀದಿಯ ಗಿರಣಿಗಳೆಲ್ಲ ಗಪ್ಪಾದವು, ನಮ್ಮದೊಂದೇ ಗಡಗಡ. ಭಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಊಟದ ಹೊತ್ತು ಬಂತು, ನಾನು ಬುತ್ತಿ ಸರಿಸಿ ಮೆಷಿನ್ ಹತ್ತಿರವೇ ನಿಂತೆ. ಊಟದ ಹೊತ್ತು ದಾಟಿತು, ಖಾರದ ಮೆಷಿನ್ನು ನಿಲ್ಲಲಿಲ್ಲ! ಕಡ್ಡಿರಾಂಪುರದವರು, ಕಂಪ್ಲಿ ಕಡೆಯವರು ಬೇರೆ ಗಿರಣಿಗಳಿಂದ ಚೀಲ ಎತ್ತಿಕೊಂಡು ನಮ್ಮಲ್ಲಿಗೆ ಬಂದರು. ಪಾಳಿ ರಸ್ತೆಗೆ ಇಳಿಯಿತು. ಘಾಟಿಗೆ ಸೀನಿ ಸೀನಿ ಕಣ್ಣುಮೂಗು ಸುರಿಯುತ್ತಿದ್ದರೂ ಯಾರೂ ಎದ್ದು ಹೋಗಲಿಲ್ಲ. "ಏನವ್ವ, ನಿಮ್ಮನಿಗೆ ಬ್ಯಾರೆ ಸೂರ್ಯ ಅದಾನೇನ?" ಎಂದಳು ಒಬ್ಬಾಕೆ. ಸಂಜೆ ಬಿಸಿಲು ಗುಡ್ಡದ ಹಿಂದೆ ಸರಿದಾಗಲೂ ಎರಡೂ ಮೆಷಿನ್ ನಡೆಯುತ್ತಲೇ ಇದ್ದವು. ಗೆದ್ದೆನ್ರಿ! ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಕಣ್ಣೀರು ಸುರಿಸಿದೆ.

ಅಷ್ಟರಲ್ಲಿ ಭಾವನ ಫೋನು ಬಡಿದುಕೊಂಡಿತು. ಟವರಿನವರು. ಕೆಳಗಿಳಿದು ಬಂದಿದ್ದ ಅತ್ತೆ, ನಾನು, ಪಾಳಿಯಲ್ಲಿದ್ದವರು, ಎಲ್ಲರೂ ಭಾವನ ಬಾಯನ್ನೇ ನೋಡಿದೆವು. ಅವರು ಒಮ್ಮೆ ಮೆಷಿನ್ ಕಡೆ, ಒಮ್ಮೆ ತಮ್ಮವ್ವನ ಕಡೆ ನೋಡಿ ಫೋನು ಕಿವಿಗಿಟ್ಟರು.

"ಇಲ್ಲರಿ, ಮಾಳಿಗಿ ಖಾಲಿ ಇಲ್ಲ," ಅಂದರು. "ನಮ್ಮವ್ವ ಸಂಡಿಗಿ ಹಾಕ್ಯಾಳ."